ಕಾರ್ಡಿನಲ್ಲಿ ಒಂದು ರಕ್ತದ ಗುಂಪು, ಲ್ಯಾಬ್ ಚೀಟಿಯಲ್ಲಿ ಇನ್ನೊಂದು

ಬದಿಯಡ್ಕದ ಅಣ್ಣ:
ತಂಗಿಗೆ ಏಳು ತಿಂಗಳು, ಚೊಚ್ಚಲ ಬಸಿರು. ಸೀಮಂತಕ್ಕೆ ತವರಿಗೆ ಬಂದಿದ್ದಾಳೆ. ಅವಳ ಲ್ಯಾಬ್ ಚೀಟಿಯಲ್ಲಿ ‘ಬಿ ನೆಗೆಟಿವ್’ ಎಂದಿದೆ. ತಪಾಸಣೆಯ ಕಾರ್ಡಿನಲ್ಲಿ ನೀಲಿ ಶಾಯಿಯಲ್ಲಿ ‘ಬಿ’, ಪಕ್ಕದಲ್ಲಿ ದಪ್ಪಗೆ ಕೂಡಿಸುವ ಗುರುತು! ಆಸ್ಪತ್ರೆಗೆ ಫೋನ್ ಮಾಡಿದರೆ, ‘ಬರೆಯುವಾಗ ತಪ್ಪಿರಬಹುದು, ಹೆರಿಗೆಗೆ ಬಂದಾಗ ನೋಡೋಣ’ ಎಂದರು. ಭಾವನದು ಒ ಪಾಸಿಟಿವ್. ಕಾಯಬಹುದೇ?

ನಿವೃತ್ತ ದಾದಿ, ಮಂಜೇಶ್ವರ:
ಕಾಯಬೇಡಿ ತಮ್ಮಾ. ಆ ಮಾತು ಓದಿ ಮೈ ಉರಿಯಿತು. ನಾಳೆಯೇ ಗುಂಪನ್ನು ಮತ್ತೆ ಪರೀಕ್ಷೆ ಮಾಡಿಸಿ, ಜೊತೆಗೆ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆಯೂ ಆಗಲಿ; ಮಗುವಿನ ರಕ್ತಕಣಗಳನ್ನು ನಾಶಮಾಡುವ ಪ್ರತಿಕಾಯ ತಾಯಿಯ ರಕ್ತದಲ್ಲಿದೆಯೇ ಎಂದು ಅದರಲ್ಲಿ ಗೊತ್ತಾಗುತ್ತದೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿ, ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ಆಕೆಯ ದೇಹ ಪ್ರತಿಕಾಯ ತಯಾರಿಸಬಹುದು. ಪೆಟ್ಟು ಬೀಳುವುದು ಸಾಮಾನ್ಯವಾಗಿ ಮುಂದಿನ ಮಗುವಿಗೆ: ರಕ್ತಹೀನತೆ, ತೀವ್ರ ಕಾಮಾಲೆ. ಪ್ರತಿಕಾಯ ಇಲ್ಲದಿದ್ದರೆ 28ನೇ ವಾರದ ಸುಮಾರಿಗೆ, ಅದು ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಈ ಕಾರ್ಡನ್ನು ನಂಬಿದವರು ಎರಡನ್ನೂ ಕೊಡುವುದಿಲ್ಲ.

ಕುಂಬಳೆಯ ಓದುಗ:
ಕಾರ್ಡನ್ನು ನೀವೇ ತಿದ್ದಬೇಡಿ. ವೈದ್ಯರಿಂದಲೇ ತಿದ್ದಿಸಿ, ಸಹಿ, ತಾರೀಕು ಹಾಕಿಸಿ. ಕೊನೆ ಗಳಿಗೆಯಲ್ಲಿ ಮಂಗಳೂರಿಗೆ ಓಡಬೇಕಾಗಿ ಬಂದರೆ ಅಲ್ಲಿಯವರು ಮೊದಲು ನೋಡುವುದು ಅದನ್ನೇ. ಬರೆದ ದಾದಿಯೊಬ್ಬಳನ್ನೇ ಬೈದು ಏನು? ಇಷ್ಟು ತಿಂಗಳು ಚೀಟಿಯನ್ನೂ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರೇ ಇಲ್ಲವಲ್ಲ!

ಬದಿಯಡ್ಕದ ಅಣ್ಣ:
ಪರೀಕ್ಷೆಯಾಯಿತು ಅಕ್ಕ, ನೆಗೆಟಿವ್ ಎಂದೇ ಬಂತು. ಕೂಂಬ್ಸ್ ವರದಿ ಸಂಜೆ ಸಿಗುತ್ತದೆ. ಚುಚ್ಚುಮದ್ದು ನಮ್ಮೂರಿನ ಅಂಗಡಿಯಲ್ಲಿ ಇಲ್ಲ. ಕಾಸರಗೋಡಿನಿಂದ ಐಸ್ ಪೆಟ್ಟಿಗೆಯಲ್ಲಿ ತರಬೇಕಂತೆ.