ಮದುವೇಲಿ ಸ್ಲೋ ಶಟರ್, ಡಬಲ್ ಎಕ್ಸ್‌ಪೋಷರ್ ಟ್ರೈ ಮಾಡಿದ್ರೆ 'ಇದ್ಯಾಕೆ ಶೇಕ್ ಆಗಿದೆ' ಅಂತಾರೆ, ಏನ್ ಮಾಡ್ಲಿ?

ಶಟರ್‌ಸಿದ್ದ

ಎಲ್ರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಮದುವೆ ಫೋಟೋ ತೆಗೀತಿದೀನಿ, ಮೊದಲೆರಡು ವರ್ಷ ಇನ್ನೊಬ್ರ ಜೊತೆ ಸೆಕೆಂಡ್ ಶೂಟರ್ ಆಗಿದ್ದೆ, ಈಗ ಸ್ವಂತ. ಪ್ರಾಬ್ಲಮ್ ಏನಂದ್ರೆ ನನ್ನ ಫೋಟೋ ನೋಡಿ ನನಗೇ ಆಕಳಿಕೆ ಬರೋಕೆ ಶುರುವಾಗಿದೆ. 85 ಎಂಎಂ ಲೆನ್ಸ್ ಹಾಕು, ಎಫ್ 1.8 ಇಡು (ಎಫ್ ಅಂದ್ರೆ ಅಪರ್ಚರ್, ಲೆನ್ಸಿನ ಕಿಂಡಿ, ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಹಿಂದಿರೋದನ್ನೆಲ್ಲಾ ಕರಗಿಸು, ಇಬ್ರಿಗೂ ಹಣೆಗೆ ಹಣೆ ತಾಗಿಸಿ ಕಣ್ಣು ಮುಚ್ಚಿ ಅನ್ನು, ಕ್ಲಿಕ್, ಮುಗೀತು. ಮೊನ್ನೆ ಹತ್ತು ಜೋಡಿಗಳ ಆಲ್ಬಮ್ ಒಟ್ಟಿಗೆ ತೆಗೆದು ನೋಡಿದೆ, ಮುಖ ಬಿಟ್ರೆ ಬೇರೇನೂ ಬದಲಾಗಿಲ್ಲ.

ಅದಕ್ಕೇ ಒಂದೆರಡು ಹೊಸದು ಟ್ರೈ ಮಾಡಿದೆ. ಡ್ಯಾನ್ಸ್ ಟೈಮಲ್ಲಿ ಶಟರ್ 1/8 ಸೆಕೆಂಡಿಗೆ ಇಳಿಸಿ ಫ್ಲ್ಯಾಶ್ ಹಾಕಿ ಕ್ಯಾಮೆರಾ ತಿರುಗಿಸೋದು, ರಿಯರ್ ಕರ್ಟನ್ ಸಿಂಕ್ ಅಂತಾರಲ್ಲ, ಶಟರ್ ಮುಚ್ಚೋ ಹೊತ್ತಿಗೆ ಫ್ಲ್ಯಾಶ್ ಹೊಡೆಯೋದು, ಅದರಲ್ಲಿ. 180 ಫ್ರೇಮ್ ತೆಗೆದ್ರೆ ಐದು ಸುಮಾರಾಗಿ ಬಂದಿವೆ, ಉಳಿದಿದ್ದರಲ್ಲೆಲ್ಲಾ ಜನ ದೆವ್ವದ ತರ, ಮುಖದೊಳಗಿಂದ ಹಿಂದಿನ ಲೈಟ್ ಕಾಣಿಸ್ತಿದೆ. ಇನ್ನೊಂದು ಕಡೆ ಕ್ಯಾಮೆರಾದಲ್ಲೇ ಡಬಲ್ ಎಕ್ಸ್‌ಪೋಷರ್ ಮಾಡಿದೆ, ಅಂದ್ರೆ ಒಂದು ಫೋಟೋ ಮೇಲೆ ಇನ್ನೊಂದು, ಹುಡುಗಿ ಮುಖದ ಮೇಲೆ ಎಲೆಗಳು ಬರಬೇಕು ಅಂತ ಪ್ಲಾನು, ಬಂದಿದ್ದು ಮೂಗಿನ ಮೇಲೆ ಒಂದು ಎಲೆ, ಮಿಕ್ಕಿದ್ದೆಲ್ಲಾ ಬೂದಿ ಬಣ್ಣ. ಆ ಡ್ಯಾನ್ಸ್ ಫೋಟೋ ಐದೂ ಕೊಟ್ಟೆ, ಹುಡುಗನ ಅಪ್ಪ ಫೋನ್ ಮಾಡಿ "ಕೈ ನಡುಗ್ತಾ ಏನಪ್ಪಾ ನಿಂಗೆ" ಅಂದ್ರು. ನಗು ಬಂತು ಆದ್ರೆ ಎರಡು ದಿನ ನಿದ್ದೆ ಬರ್ಲಿಲ್ಲ.

ಇಂಥದ್ದನ್ನ ಯಾವಾಗ ಪ್ರಾಕ್ಟೀಸ್ ಮಾಡ್ತೀರಾ, ಮದುವೆ ದಿನ ಎಷ್ಟು ರಿಸ್ಕ್ ತಗೋತೀರಾ, ಆ ದೆವ್ವದ ಕೇಸ್‌ಗೆ ಏನಾದ್ರೂ ಪರಿಹಾರ ಇದೆಯಾ?

ಕತ್ತಲೆಕೋಣೆ

ದೆವ್ವ ಬಿಡಿಸೋದು ಸುಲಭ. ನೀವು ಒಂದೇ ಫೋಟೋ ತೆಗೀತಿದೀನಿ ಅಂದ್ಕೊಂಡಿದೀರಿ, ಅಲ್ಲಿ ಆಗ್ತಿರೋದು ಎರಡು. ಒಂದು ಫ್ಲ್ಯಾಶ್ ಫೋಟೋ, ಅದು ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಬೇಗ ಮುಗಿಯುತ್ತೆ (ಪವರ್ ಕಡಿಮೆ ಇಟ್ಟಷ್ಟೂ ಇನ್ನೂ ಚುರುಕು), ಅದಕ್ಕೇ ಜನ ಫ್ರೀಜ್ ಆಗೋದು. ಇನ್ನೊಂದು ಆ ಜಾಗದ ಬೆಳಕಿನ ಫೋಟೋ, ಅದು 1/8 ಸೆಕೆಂಡ್ ಪೂರ್ತಿ ಬರೀತಾನೇ ಇರುತ್ತೆ. ನಿಮ್ಮ ಕೇಸಲ್ಲಿ ಎರಡನೇದು ಜಾಸ್ತಿ ಆಗಿದೆ. ಫ್ಲ್ಯಾಶ್ ಆಫ್ ಮಾಡಿ ಒಂದು ಫ್ರೇಮ್ ತೆಗೀರಿ, ಜನರ ಮುಖ ಹೆಚ್ಚುಕಮ್ಮಿ ಕಪ್ಪಾಗಿ ಕಾಣ್ಬೇಕು, ಬಲ್ಬುಗಳು ಮಾತ್ರ ಹೊಳೀಬೇಕು. ಅಂದ್ರೆ ಕ್ಯಾಮೆರಾದ ಬೆಳಕಿನ ಮೀಟರ್ ಹೇಳೋದಕ್ಕಿಂತ ಒಂದೂವರೆ ಎರಡು ಸ್ಟಾಪ್ ಕೆಳಗೆ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ). ಎಫ್ 2ರಲ್ಲಿ ತೆಗೀತಿದ್ರೆ ಮೊದಲು ಅದನ್ನ 5.6 ಮಾಡಿ, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಸೆಟ್ಟಿಂಗ್) ಇಳಿಸಿ, ಆಮೇಲೆ ಫ್ಲ್ಯಾಶ್ ಸೇರಿಸಿ.

ಮುಖದೊಳಗಿಂದ ಲೈಟ್ ಕಾಣ್ಸೋದಕ್ಕೆ ಕಾರಣ ಬೇರೆ. ಫ್ಲ್ಯಾಶ್ ಹೊಡೆದಾಗ ಎಲ್ಲಿ ಮುಖ ಇತ್ತೋ, ಕ್ಯಾಮೆರಾ ತಿರುಗಿಸಿದಾಗ ಅದೇ ಜಾಗದ ಮೇಲೆ ಹಿಂದಿನ ಬಲ್ಬು ಗೆರೆ ಎಳ್ಕೊಂಡು ಹೋಗುತ್ತೆ. ತಿರುಗಿಸೋದನ್ನ ಮುಖದ ಸುತ್ತ ತಿರುಗಿಸಿ, ಮುಖವೇ ಚಕ್ರದ ನಡುವಿನ ಗುಂಬ ಅಂದ್ಕೊಳ್ಳಿ, ಆಗ ಗೆರೆಗಳು ಮುಖದ ಸುತ್ತ ಓಡ್ತವೆ, ಮೇಲೆ ಹಾಯಲ್ಲ. ತಲೆ ಹಿಂದೇನೇ ಬಲ್ಬ್ ಇದ್ರೆ ಮಾತ್ರ ನಾವೇ ಒಂದೆರಡು ಹೆಜ್ಜೆ ಪಕ್ಕಕ್ಕೆ ಹೋಗ್ಬೇಕು, ಬೇರೆ ದಾರಿ ಇಲ್ಲ.

ಮತ್ತೆ ಆ ರಿಯರ್ ಕರ್ಟನ್ ಬಿಟ್ಟುಬಿಡಿ. ಇದು ಹೇಳಿದ್ರೆ ಜಗಳಕ್ಕೆ ಬರ್ತಾರೆ ಆದ್ರೂ ಹೇಳ್ತೀನಿ. ಕಾರು, ಸೈಕಲ್ಲು ಒಂದೇ ದಿಕ್ಕಿಗೆ ಹೋಗ್ತಿದ್ರೆ ರಿಯರ್ ಬೇಕು, ಇಲ್ಲಾಂದ್ರೆ ಗೆರೆ ಮುಂದೆ ಬಂದು ಹಿಮ್ಮುಖ ಓಡಿದ ಹಾಗೆ ಕಾಣುತ್ತೆ. ಕುಣಿಯೋರು ಯಾವ ದಿಕ್ಕಿಗೂ ಹೋಗ್ತಿಲ್ಲ, ತಿರುಗ್ತಿರೋದು ನಿಮ್ಮ ಕ್ಯಾಮೆರಾ, ಗೆರೆ ಮುಂದೇನು ಹಿಂದೇನು. ರಿಯರಲ್ಲಿ ನೀವು ನಗು ನೋಡಿ ಬಟನ್ ಒತ್ತಿದಾಗಲ್ಲ, 1/8 ಸೆಕೆಂಡ್ ಕಳೆದ್ಮೇಲೆ ಫ್ಲ್ಯಾಶ್ ಹೊಡೆಯೋದು, ಅಷ್ಟರಲ್ಲಿ ನಗು ಹೋಗಿ ಬಾಯಿ ಸೊಟ್ಟಗಾಗಿರುತ್ತೆ. ಟಿಟಿಎಲ್ (ಫ್ಲ್ಯಾಶ್ ಪವರ್ ಕ್ಯಾಮೆರಾನೇ ಅಳೆದು ಇಡೋದು) ಇದ್ರೆ ಇನ್ನೂ ಮಜಾ, ಮೊದಲು ಪ್ರೀ ಫ್ಲ್ಯಾಶ್ ಮಿಂಚುತ್ತೆ, ಜನ ಫೋಟೋ ಆಯ್ತು ಅಂತ ಆ ಕಡೆ ತಿರುಗ್ತಾರೆ, ಆಮೇಲೆ ನಿಜವಾದ ಫ್ಲ್ಯಾಶು. ಫ್ರಂಟ್ ಕರ್ಟನ್ (ಶಟರ್ ತೆರೆದ ಕೂಡ್ಲೇ ಫ್ಲ್ಯಾಶ್), ಮ್ಯಾನ್ಯುಯಲ್ ಪವರ್. ನಗು ಕಂಡಾಗ ಒತ್ತಿ, ಫ್ಲ್ಯಾಶ್ ಹೊಡೆದ ಮೇಲೆ ತಿರುಗಿಸಿ. ಇದೊಂದರಿಂದ 180ಕ್ಕೆ ಐದು ಅನ್ನೋ ಲೆಕ್ಕ ಬದಲಾಗುತ್ತೆ.

ಹಳೇರೀಲು

ಮೇಲಿನವರು ಟೆಕ್ನಿಕ್ ಚೆನ್ನಾಗಿ ಹೇಳಿದಾರೆ, ನಾನು ಬೈಯೋ ಕೆಲಸ ಮಾಡ್ತೀನಿ.

ಮದುವೇಲಿ ಮೊದಲ ಸಲ ಟ್ರೈ ಮಾಡಿದ್ರಲ್ಲ, ಅದೇ ತಪ್ಪು. ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫ್ರೇಮು, ತೊಳೆದು ಬರೋವರೆಗೆ ಏನಾಯ್ತು ಗೊತ್ತಾಗ್ತಿರಲಿಲ್ಲ, ಹಾಗಾಗಿ ಆಟ ಎಲ್ಲಾ ಮನೇಲಿ ಆಡಿ ಮುಗಿಸ್ಕೊಂಡೇ ಹೋಗ್ತಿದ್ವಿ. ಈಗ ಹಿಂದಿನ ಸ್ಕ್ರೀನ್ ನೋಡ್ಕೊಂಡು ಕಲಿಯೋಣ ಅಂತೀರಿ, ನೀವು ಸ್ಕ್ರೀನ್ ನೋಡ್ತಿರೋವಾಗ ಎದುರುಗಡೆ ಹುಡುಗಿಯ ಅಜ್ಜಿ ಕುಣಿದು ಕೂತಿರ್ತಾರೆ. ಮತ್ತೆ ಕುಣೀತಾರಾ?

ನಾನೂ ಸಾಚಾ ಏನಲ್ಲ. ಫ್ರೀಲೆನ್ಸಿಂಗ್ ಹುಚ್ಚು ಹತ್ತಿತ್ತು ಒಂದು ಟೈಮಲ್ಲಿ, ಲೆನ್ಸ್ ಬಿಚ್ಚಿ ಕ್ಯಾಮೆರಾ ಮುಂದೆ ಕೈಯಲ್ಲೇ ಹಿಡ್ಕೊಂಡು ಸ್ವಲ್ಪ ಓರೆ ಮಾಡೋದು, ಫೋಕಸ್ ಓರೆಯಾಗಿ ಬೀಳುತ್ತೆ, ಪಕ್ಕದಿಂದ ಬೆಳಕು ನುಗ್ಗುತ್ತೆ, ಚೆಂದ ಇರುತ್ತೆ. ಒಂದು ಮದುವೇಲಿ ಬೆಳಿಗ್ಗೆ ಹಂಗೆ ಇಪ್ಪತ್ತು ನಿಮಿಷ ಆಡಿದೆ. ಮಧ್ಯಾಹ್ನ ಎರಡೂ ಕಡೆ ಕುಟುಂಬದ ಗ್ರೂಪ್ ಫೋಟೋ ಎಫ್ 8ರಲ್ಲಿ. ರಾತ್ರಿ ಕಂಪ್ಯೂಟರಲ್ಲಿ ನೋಡ್ತೀನಿ, ಒಂದೊಂದು ಫೋಟೋಲೂ ಅದೇ ಜಾಗದಲ್ಲಿ ಹತ್ತು ಹನ್ನೆರಡು ಕಪ್ಪು ಚುಕ್ಕೆ, ಸೆನ್ಸರ್ ಮೇಲೆ ಧೂಳು. ಬೆಳಿಗ್ಗೆ ಎಫ್ 1.8ರಲ್ಲಿ ಒಂದೂ ಕಂಡಿರಲಿಲ್ಲ, ಅಪರ್ಚರ್ ಚಿಕ್ಕದಾದಾಗಲೇ ಅದು ಎದ್ದು ಕಾಣೋದು. ಒಂದು ಚುಕ್ಕೆ ಸರಿಯಾಗಿ ಯಾರದೋ ಮುಂದಿನ ಹಲ್ಲಿನ ಮೇಲೆ. ಕೂತು ಒಂದೊಂದೇ ಅಳಿಸಿದೆ. ಅವತ್ತಿಂದ ಅದಕ್ಕೆ ಅಂತಲೇ ಒಂದು ಹಳೇ ಬಾಡಿ ಇಟ್ಟಿದೀನಿ, ಮೇನ್ ಕ್ಯಾಮೆರಾ ಲೆನ್ಸ್ ಮದುವೆ ದಿನ ಬಿಚ್ಚಲ್ಲ.

ರಿಸ್ಕ್ ಎಷ್ಟು ಅಂದ್ರಲ್ಲ. ಒಂದೇ ಸಲ ಆಗೋ ಕ್ಷಣದಲ್ಲಿ ಸೊನ್ನೆ. ಡ್ಯಾನ್ಸ್ ಒಂದು ಗಂಟೆ ನಡಿಯುತ್ತೆ, ಮೊದಲ ಹತ್ತು ನಿಮಿಷ ಸೀದಾ ಸಾದಾ ತೆಗೆದು ಎಲ್ಲರ ಮುಖ ಬಂತು ಅನ್ನಿಸಿದ್ಮೇಲೆ ಏನ್ ಬೇಕಾದ್ರೂ ತಿರುಗಿಸ್ಕೊಳ್ಳಿ.

ಮದ್ವೆಯಾದೋಳು

ನಾನು ಫೋಟೋಗ್ರಾಫರ್ ಅಲ್ಲ, ನಿಮ್ಮ ಕ್ಯಾಮೆರಾ ಮುಂದೆ ನಿಲ್ಲೋ ಜಾತಿ. ಹೇಳಬಹುದಾ?

ನಮ್ಮ ಮದುವೆ ಫೋಟೋ ತೆಗೆದೋರು ತುಂಬಾ ಕ್ರಿಯೇಟಿವ್, ಅವರ ಪೇಜ್ ನೋಡೇ ನಾವು ಬುಕ್ ಮಾಡಿದ್ದು, ಹಂಗಾಗಿ ದೂರೋಕೂ ಬಾಯಿಲ್ಲ. ಪ್ರಿಸಮ್ಮು, ಕನ್ನಡಿ, ಫೋನ್ ಸ್ಕ್ರೀನಲ್ಲಿ ರಿಫ್ಲೆಕ್ಷನ್, ಎಲ್ಲಾ ಇದೆ. ನನ್ನ ತಮ್ಮ ಅವತ್ತು ಒಂದಿನದ ಮಟ್ಟಿಗೆ ಬಂದು ಹೋಗಿದ್ದ. ಆಲ್ಬಮ್ ಬಂದ್ಮೇಲೆ ನಾನು ನನ್ನ ಗಂಡ ಕೂತು ಎಣಿಸಿದ್ವಿ, ಅವನ ಮುಖ ಪೂರ್ತಿ ಕಾಣೋ ಫೋಟೋ ಎರಡು. ಒಂದರಲ್ಲಿ ಕಣ್ಣು ಮುಚ್ಚಿದಾನೆ. ಮೂರನೇದರಲ್ಲಿ ಅವನ ಅರ್ಧ ಮುಖದ ಮೇಲೆ ಕಾಮನಬಿಲ್ಲು.

ಇನ್ನೊಂದು, ಏನ್ ಮಾಡ್ತಿದೀರಿ ಅಂತ ನಮಗೆ ಹೇಳಿ. ಕ್ಯಾಮೆರಾ ಮುಂದೆ ಗಾಜು ಹಿಡ್ಕೊಂಡು ಐದು ನಿಮಿಷ ಸುಮ್ನೆ ನಿಂತ್ರೆ ನಾವು ಕೂದಲು ಸರಿಯಿಲ್ವಾ, ಮುಖ ಸರಿಯಿಲ್ವಾ ಅಂತ ಒಳಗೊಳಗೇ ಸಾಯ್ತಿರ್ತೀವಿ. "ಹತ್ತರಲ್ಲಿ ಎಂಟು ಹಾಳಾಗುತ್ತೆ, ನಿಮ್ಮ ತಪ್ಪಲ್ಲ" ಅಂತ ಒಂದು ಮಾತು ಅಂದಿದ್ರೆ ನಾವೂ ಆಟಕ್ಕೆ ಸೇರ್ತಿದ್ವಿ.

ಶಟರ್‌ಸಿದ್ದ

@ಮದ್ವೆಯಾದೋಳು ಅಯ್ಯೋ ಮೇಡಂ, ನಿಮ್ಮ ತಮ್ಮನ ವಿಷಯ ಓದಿ ನನ್ನ ಹಳೇ ಫೋಲ್ಡರ್ ತೆಗೆದು ನೋಡ್ದೆ, ಆ ಡ್ಯಾನ್ಸಲ್ಲಿ ಹುಡುಗನ ಅಪ್ಪನ ಶಾರ್ಪ್ ಫೋಟೋ ಒಂದೂ ಇಲ್ಲ. ಈಗ ಅರ್ಥ ಆಯ್ತು ಅವರಿಗೆ ಯಾಕೆ ಸಿಟ್ಟು ಬಂದಿದ್ದು ಅಂತ.

@ಕತ್ತಲೆಕೋಣೆ ಫ್ರಂಟ್ ಕರ್ಟನ್ ಇವತ್ತೇ ನೋಡ್ತೀನಿ. ಡಬಲ್ ಎಕ್ಸ್‌ಪೋಷರ್ ಬಗ್ಗೆ ಯಾರಾದ್ರೂ?

ಗಾಜಿನಚೂರು

ಡಬಲ್ ಎಕ್ಸ್‌ಪೋಷರ್ ನಾನು ಹೇಳ್ತೀನಿ. ಒಂದೇ ವಿಷಯ ತಲೇಲಿ ಇಟ್ಕೊಳ್ಳಿ, ಬೆಳಕಿಗೆ ಬೆಳಕು ಕೂಡುತ್ತೆ. ಆಗಲೇ ಬಿಳಿ ಆಗಿರೋ ಜಾಗದ ಮೇಲೆ ಎಷ್ಟು ಎಲೆ ಹಾಕಿದ್ರೂ ಬಿಳೀನೇ, ಕಪ್ಪಿರೋ ಕಡೆ ಮಾತ್ರ ಎಲೆ ಕೂರೋದು. ನೀವು ಹುಡುಗಿ ಮುಖಕ್ಕೆ ಎದುರಿಂದ ಬೆಳಕು ಬಿಟ್ಟಿದೀರಿ, ನೆರಳಿದ್ದಿದ್ದು ಮೂಗಿನ ಪಕ್ಕ ಮಾತ್ರ, ಪಾಪ ಎಲೆ ಅಲ್ಲೇ ಜಾಗ ಹುಡುಕ್ಕೊಂಡಿದೆ 😄 ಮೋಡ ಮುಚ್ಚಿದ ಆಕಾಶದ ಎದುರು ನಿಲ್ಲಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಆಕಾಶ ಪೂರ್ತಿ ಬಿಳಿ ಆಗಿ ಆಳು ಕಪ್ಪು ನೆರಳಾಗಿ ಉಳಿಯೋ ತರ ಎಕ್ಸ್‌ಪೋಸ್ ಮಾಡಿ. ಜೋಡಿ ಆದ್ರೆ ಇಬ್ಬರ ಮೂಗಿನ ಮಧ್ಯೆ ಒಂದು ಬೆರಳು ಜಾಗ ಇರಲಿ, ತಾಗಿದ್ರೆ ಎರಡು ತಲೆ ಸೇರಿ ಒಂದು ಉಂಡೆ ಆಗುತ್ತೆ. ಎರಡನೇ ಫ್ರೇಮು ಎಲೆಗಳದ್ದು. ಮೆನುವಿನಲ್ಲಿ ಆವರೇಜ್ ಅಂತ ಇದ್ರೆ ತೆಗೆದು ಅಡಿಟಿವ್ (ಎರಡೂ ಫ್ರೇಮಿನ ಬೆಳಕು ಹಾಗೇ ಕೂಡೋದು) ಮಾಡಿ, ಆ ಬೂದಿ ಬಣ್ಣಕ್ಕೆ ಅದೂ ಒಂದು ಕಾರಣ, ಆವರೇಜಲ್ಲಿ ಕ್ಯಾಮೆರಾ ಎರಡೂ ಫ್ರೇಮಿನ ಬೆಳಕು ತಾನೇ ತಗ್ಗಿಸುತ್ತೆ.

ಮೂಗಿನ ಮೇಲಿನ ಎಲೆ ಬೇಜಾರಾಗಿದ್ರೆ ಬ್ರೆನೈಜರ್ ಮೆಥಡ್ ಶುರು ಮಾಡಿ, ಅದರಲ್ಲಿ ಯಾರ ಮುಖಾನೂ ಹಾಳಾಗಲ್ಲ. ರಯಾನ್ ಬ್ರೆನೈಜರ್ ಅಂತ ನ್ಯೂಯಾರ್ಕಿನ ಮದುವೆ ಫೋಟೋಗ್ರಾಫರ್ ಜನಪ್ರಿಯ ಮಾಡಿದ್ದು ಅದಕ್ಕೇ ಆ ಹೆಸರು. ನಿಮ್ಮ ಅದೇ ಆಕಳಿಕೆ ಬರೋ 85 ಎಂಎಂ ಸಾಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್ ಮಾಡಿ, ಮೊದಲು ಜೋಡಿ ಇರೋ ನಾಲ್ಕೈದು ಫ್ರೇಮ್ ಬೇಗ ಬೇಗ, ಆಮೇಲೆ ಅವರು ಕೆಮ್ಮಿದ್ರೂ ಚಿಂತೆ ಇಲ್ಲ, ಸುತ್ತಲಿನ ಜಾಗ ನಿಧಾನಕ್ಕೆ 20-30 ಫ್ರೇಮ್, ಒಂದರ ಮೇಲೆ ಒಂದು ಮೂರನೇ ಒಂದು ಭಾಗ ಹಾಯೋ ತರ. ಕಂಪ್ಯೂಟರಲ್ಲಿ ಪನೋರಮಾ ತರ ಹೊಲಿಯೋದು. 35 ಎಂಎಂನಷ್ಟು ಅಗಲ ಬಂತು ಅನ್ನಿ, 85 ಎಫ್ 1.4ರಲ್ಲಿ ತೆಗೆದಿದ್ರೆ ಅದು 35 ಎಂಎಂ ಎಫ್ 0.6 ಇದ್ದಂಗೆ, ಅಂಥ ಲೆನ್ಸ್ ಎಲ್ಲಿ ಸಿಗುತ್ತೆ ಹೇಳಿ. ದೊಡ್ಡ ಜಾಗದ ನಡುವೆ ಸಣ್ಣ ಜೋಡಿ, ಸುತ್ತ ಎಲ್ಲಾ ಕರಗಿದೆ.

ಪ್ರಿಸಮ್ ಬಗ್ಗೆ ಮೇಲೆ ಬಂದಿದ್ದರಿಂದ ಹೇಳ್ತೀನಿ, ಗಾಜು ಫ್ರೇಮಿನ ಅಂಚಲ್ಲಿ ಇರಬೇಕು, ಅಂಚಲ್ಲಿ ಯಾರ ಮುಖಾನೂ ಇರಬಾರ್ದು. ತಮ್ಮ ಬಂದ್ರೆ ಗಾಜು ಜೇಬಿಗೆ.

ಹಳೇರೀಲು

ಡಬಲ್ ಎಕ್ಸ್‌ಪೋಷರ್ ರೀಲಲ್ಲಿ ನಮಗೆ ಫ್ರೀಯಾಗಿ ಸಿಗ್ತಿತ್ತು, ಮುಗಿದ ರೀಲು ಮರೆತು ಮತ್ತೆ ಹಾಕಿದ್ರೆ ಸಾಕು. ಎರಡು ಮನೆ ಫಂಕ್ಷನ್ ಒಂದರ ಮೇಲೊಂದು.

ಶಟರ್‌ಸಿದ್ದ

ಅಪ್ಡೇಟ್. ಹತ್ತು ದಿನ ಮನೇಲಿ ಅಣ್ಣನ್ನ ಕುಣಿಸಿದೆ, ಹಿಂದೆ ಸೀರಿಯಲ್ ಲೈಟ್ ಕಟ್ಟಿ. ಮೊದಲ ದಿನ ಬಟನ್ ಒತ್ತೋ ಮುಂಚೆನೇ ಕೈ ತಿರುಗ್ತಿತ್ತು, ಈಗ ಕೈ ಕಾಯುತ್ತೆ. ಫ್ರಂಟ್ ಕರ್ಟನ್, 1/8, ಎಫ್ 6.3, 30 ಫ್ರೇಮಲ್ಲಿ 11 ಕೊಡೋ ತರ ಬಂದಿವೆ, ಅಣ್ಣನ ಮುಖ ನೋಡೋ ತರ ಇಲ್ಲ ಅದು ಬೇರೆ ವಿಷಯ. ಮುಂದಿನ ಮದುವೆ ಜೋಡಿಗೆ ಕೂರಿಸಿ ಸ್ಯಾಂಪಲ್ ತೋರಿಸ್ದೆ, ಹಾಳಾಗಿರೋದನ್ನೂ ತೋರಿಸ್ದೆ. ಹುಡುಗಿಗೆ ಹಾಳಾಗಿರೋದೇ ಒಂದು ಇಷ್ಟ ಆಯ್ತು, ಹುಡುಗ "ಡ್ಯಾನ್ಸಲ್ಲಿ ಮಾತ್ರ, ಅಮ್ಮನಿಗೆ ಮಾಡ್ಬೇಡಿ" ಅಂದ. ಬರ್ಕೊಂಡೆ.

ಒಂದು ಹೊಸ ತಲೆನೋವು. ಫ್ಲ್ಯಾಶ್ ಇಲ್ದೆ ಎಲ್‌ಇಡಿ ಬೆಳಕಲ್ಲಿ ಪ್ರಿಸಮ್ ಹಿಡ್ಕೊಂಡು ತೆಗೆದ್ರೆ ಫೋಟೋ ತುಂಬಾ ಅಡ್ಡಡ್ಡ ಪಟ್ಟೆ ಬರ್ತಿದೆ. ಪ್ರಿಸಮ್ ಪ್ರಾಬ್ಲಮ್ಮಾ?

ಕತ್ತಲೆಕೋಣೆ

ಪ್ರಿಸಮ್ ಅಲ್ಲ, ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್, ಫೋಟೋನ ಸಾಲು ಸಾಲಾಗಿ ಓದುತ್ತೆ, ಎಲ್‌ಇಡಿ ಮಿಟುಕಿದ್ದು ಪಟ್ಟೆ ಆಗುತ್ತೆ) ಆನ್ ಇದೆ ನೋಡಿ. ಮೆಕ್ಯಾನಿಕಲ್‌ಗೆ ಹಾಕಿ. 50 ಹರ್ಟ್ಸ್ ಕರೆಂಟಾದ್ರೆ 1/100 ಅಥವಾ 1/50, 60 ಹರ್ಟ್ಸಾದ್ರೆ 1/125 ಅಥವಾ 1/60 ಇಟ್ರೆ ಸಾಮಾನ್ಯವಾಗಿ ಹೋಗುತ್ತೆ. ಸ್ಟೇಜ್ ಎಲ್‌ಇಡಿ ಮಾತ್ರ ಅದರ ಪಾಡಿಗೆ ಅದು ಮಿಟುಕ್ತಿರುತ್ತೆ, ಈ ಲೆಕ್ಕ ಕೇಳಲ್ಲ, ಜಾಗಕ್ಕೆ ಬೇಗ ಹೋಗಿ ನಾಲ್ಕು ಸ್ಪೀಡಲ್ಲಿ ಟೆಸ್ಟ್ ಮಾಡ್ಕೊಳ್ಳಿ. ಅಣ್ಣನ ಫೋಟೋ ಹಾಕಿ.