ಹತ್ತನೇ ಕ್ಲಾಸಿಗೆ ಡಿಜಿಟಲ್ ಬೋರ್ಡಾ, ಪಿಪಿಟಿಯಾ?

ಪಡುಬಿದ್ರಿ ಟೀಚರ್:
ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳು ಟಚ್ ಪ್ಯಾನೆಲ್ (ಮುಟ್ಟಿ ಬರೆಯುವ ಡಿಜಿಟಲ್ ಬೋರ್ಡ್) ಕೊಟ್ಟಿದ್ದಾರೆ. ಇಷ್ಟು ದಿನ ಪ್ರೊಜೆಕ್ಟರಲ್ಲಿ ಪವರ್‌ಪಾಯಿಂಟ್ ಹಾಕಿ ಗಣಿತ, ವಿಜ್ಞಾನ ಎರಡೂ ಮಾಡುತ್ತಿದ್ದೆ. ಈಗ ಎಲ್ಲರೂ ಬರೆದೇ ಪಾಠ ಮಾಡಿ ಅಂತಾರೆ. ಸ್ಲೈಡ್ ಪೂರ್ತಿ ಬಿಡಬೇಕಾ?

ಕುಡ್ಲದ ಮೇಷ್ಟ್ರು:
ಗಣಿತಕ್ಕೆ ಬೋರ್ಡೇ ಸರಿ ಮಾರಾಯ್ರೆ. ಪೈಥಾಗರಸ್ ಪ್ರಮೇಯದ ಸಾಧನೆ ಸ್ಲೈಡಲ್ಲಿ ಒಟ್ಟಿಗೇ ಬಂದರೆ ಮಕ್ಕಳು ಸುಮ್ನೆ ನಕಲು ಮಾಡುತ್ತಾರೆ, ಅದೇ ತ್ರಿಕೋನ ಎಳೆದು, ಲಂಬ ಹಾಕಿ, ಮುಂದೇನು ಅಂತ ಕೇಳುತ್ತಾ ಒಂದೊಂದೇ ಸಾಲು ಬರೆದರೆ ಹಿಂದಿನ ಬೆಂಚಿನವನೂ ಬಾಯಿ ಬಿಡುತ್ತಾನೆ. ಓಪನ್‌ಬೋರ್ಡ್ ಅಂತ ಬೋರ್ಡಲ್ಲಿ ಬರೆಯುವ ಸಾಫ್ಟ್‌ವೇರ್ ಇದೆ, ಹಾಕಿಕೊಳ್ಳಿ. ಉಚಿತ. ಸ್ಕೇಲ್, ಕೋನಮಾಪಕ, ಕೈವಾರ ಅದರಲ್ಲೇ ಇವೆ, ಬರೆಯಲು ನೆಟ್ ಬೇಡ. ಮಳೆಗಾಲದಲ್ಲಿ ನಮ್ಮೂರ ನೆಟ್ ಗೊತ್ತಲ್ವಾ!

ಮಣಿಪಾಲದಿಂದ:
ವಿಜ್ಞಾನಕ್ಕೆ ಸ್ಲೈಡ್ ಬಿಡಬೇಡಿ ಟೀಚರ್. ಹೃದಯದ ನಾಲ್ಕು ಕೋಣೆಗಳನ್ನು ದಿನಾ ಯಾರು ಬಿಡಿಸುವುದು? ಪವರ್‌ಪಾಯಿಂಟಲ್ಲೂ ಬರೆಯಬಹುದು, ಜಾಸ್ತಿ ಜನ ಬಳಸುವುದಿಲ್ಲ ಅಷ್ಟೆ. ಸ್ಲೈಡ್ ಶೋ ನಡೆಯುವಾಗ ಕಂಟ್ರೋಲ್ ಮತ್ತು ಪಿ ಒತ್ತಿದರೆ ಪೆನ್ ಬರುತ್ತದೆ, ಡಬ್ಲ್ಯೂ ಒತ್ತಿದರೆ ಪರದೆ ಬಿಳಿ, ಬಿ ಒತ್ತಿದರೆ ಕಪ್ಪು. ಮಕ್ಕಳು ನಿಮ್ಮನ್ನು ನೋಡಬೇಕು ಅಂದಾಗ ಕಪ್ಪು ಮಾಡಿ.

ಕುಂದಾಪ್ರದವ:
ಎರಡನ್ನೂ ಸೇರಿಸಿ. ಹಳೆ ಪಿಪಿಟಿಯನ್ನು ಪಿಡಿಎಫ್ ಮಾಡಿ ಓಪನ್‌ಬೋರ್ಡಿಗೆ ಹಾಕಿದರೆ ಅದರ ಮೇಲೆಯೇ ಬರೆಯಬಹುದು. ಅನಿಮೇಶನ್ ಮಾತ್ರ ಹೋಗುತ್ತದೆ, ಹೋದರೆ ಹೋಗಲಿ. ಬರೆದದ್ದನ್ನೂ ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಗೂಗಲ್ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತೇಹೋಯಿತು, ಆನ್‌ಲೈನ್ ಬೋರ್ಡನ್ನೇ ನಂಬಿ ಕೂರಬಾರದು.

ಪಡುಬಿದ್ರಿ ಟೀಚರ್:
ಡಬ್ಲ್ಯೂ ವಿಷಯ ಗೊತ್ತೇ ಇರಲಿಲ್ಲ! ನಾಳೆ ತ್ರಿಭುಜ ಪಾಠಕ್ಕೆ ಓಪನ್‌ಬೋರ್ಡ್ ನೋಡುತ್ತೇನೆ.