ಮೂಲೆಯಿಂದ ಕಾಣುವ ಗೋಳಗುಮ್ಮಟ: ಕ್ರಿಟಾದಲ್ಲಿ ಎರಡೂ ಬದಿ ಹೊಂದಿಸುವುದು ಹೇಗೆ?

ಗೆರಿ_ವಿಜಯಪುರ
ಕ್ರಿಟಾ 5ರಾಗ (ಕಂಪ್ಯೂಟರಿನಾಗ ಚಿತ್ರ ಬಿಡಸೂ ಸಾಫ್ಟ್‌ವೇರ್) ಗೋಳಗುಮ್ಮಟ ಮೂಲಿ ಕಡಿಂದ ಕಾಣೂ ಹಂಗ ಬಿಡಸಾಕತ್ತೀನಿ. ಕ್ಯಾನ್ವಾಸ್ ಅಗಲ 4000 ಪಿಕ್ಸೆಲ್. ಎರಡು ವ್ಯಾನಿಶಿಂಗ್ ಪಾಯಿಂಟ್ (ದೂರ ಹೋಗೂ ಗೆರಿ ಎಲ್ಲಾ ಕೂಡೂ ಬಿಂದು) ಅದಾವ, ಎರಡೂ ಕ್ಯಾನ್ವಾಸಿನ ಅಂಚಿನಾಗ. ಮಿರರ್ ಟೂಲ್ (ಒಂದು ಬದಿ ಬರದದ್ದು ಇನ್ನೊಂದು ಬದಿಗೂ ಕನ್ನಡಿಯಂಗ ಮೂಡೂದು) ಹಚ್ಚಿ ಗೋಡಿ ಬರದ್ರ ದೂರದ ಮಿನಾರ ಹತ್ರದ್ದರಷ್ಟ ದಪ್ಪ ಬರ್ತದ. ಗುಮ್ಮಟ ಒಂದು ಕಡೆ ಸರದಂಗ ಕಾಣ್ತದ. ಹೆಂಗ ಸರಿ ಮಾಡೂದ್ರಿ?

ಬೆಳಗಾವಿ_ಬ್ರಷ್
ಮಿರರ್ ಟೂಲ್ ಕ್ಯಾನ್ವಾಸಿನ ಎರಡು ಬದಿ ಸಮ ಮಾಡ್ತದ, ಗೋಡಿ ಎರಡು ಬದಿ ಅಲ್ಲ. ಓರೆ ಕಾಣೂ ಗೋಡಿಗೆ ಅದನ್ನ ಬಂದ್ ಇಡ್ರಿ. ಮೊದಲಿಗೆ ಎರಡೂ ವ್ಯಾನಿಶಿಂಗ್ ಪಾಯಿಂಟ್ ದೂರ ತಳ್ರಿ: ಎರಡರ ನಡುವಿನ ಅಂತರ ಕ್ಯಾನ್ವಾಸ್ ಅಗಲದ ಮೂರು ಪಟ್ಟು, ಅಂದ್ರ ನಿಮಗ 12000 ಪಿಕ್ಸೆಲ್ ಆದ್ರೂ ಇರ್ಲಿ. ಝೂಮ್ ಔಟ್ ಮಾಡಿ ಅಸಿಸ್ಟೆಂಟನ್ನ (ಗೆರಿಗೆ ದಾರಿ ತೋರ್ಸೂ ಕ್ರಿಟಾದ ಸಹಾಯಕ ಗೆರಿ) ಕ್ಯಾನ್ವಾಸಿನ ಹೊರಗೂ ಇಡಬಹುದು. ಪಾಯಿಂಟ್ ಹತ್ರ ಇದ್ದಷ್ಟು ಮುಂದಿನ ಮೂಲಿ ಚೂಪಾಗಿ ಚಾಚ್ತದ. ಬ್ರಷ್‌ನ ಟೂಲ್ ಆಪ್ಶನ್ಸ್‌ನಾಗ 'ಸ್ನ್ಯಾಪ್ ಟು ಅಸಿಸ್ಟೆಂಟ್ಸ್' ಟಿಕ್ ಮಾಡ್ರಿ, ಇಲ್ಲಾಂದ್ರ ಅಸಿಸ್ಟೆಂಟ್ ಬರೇ ಕಾಣ್ತದ, ಗೆರಿ ಅದರ ಮ್ಯಾಲೆ ಕೂಡಂಗಿಲ್ಲ.

ಇನ್ನ ಗೋಡಿ. ನಾಲ್ಕು ಮೂಲಿಗೆ ಎರಡು ಕರ್ಣ ಎಳೀರಿ. ಅವು ಕೂಡೂ ಬಿಂದು ಗೋಡಿಯ ನಡು, ಅದರ ಮೂಲಕ ಹಾಯೂ ಲಂಬ ಸಮಮಿತಿ ಅಕ್ಷ. ದೂರದ ಅರ್ಧ ಸಣ್ಣದಾಗೇ ಬರಬೇಕು. ಒಂದೊಂದು ಮುಖಕ್ಕ ಮೂರು ಕಮಾನು ಅದಾವಲ್ಲ, ಹತ್ರದ ಕಮಾನಿನ ಅಂಚನ್ನ ಗೋಡಿಯ ಮ್ಯಾಲಿನ ಗೆರಿತನಕ ಲಂಬ ಏರಿಸ್ರಿ. ಅಲ್ಲಿಂದ ನಡು ಬಿಂದು ಹಾಯ್ದು ತಳದ ಗೆರಿಗೆ ಮುಟ್ಟೂ ಹಂಗ ಓರೆ ಗೆರಿ ಎಳೀರಿ. ಮುಟ್ಟಿದಲ್ಲಿ ಲಂಬ ಎಬ್ಬಿಸಿದ್ರ ಆಚಿ ಕಮಾನಿನ ಜೋಡಿ ಅಂಚು ಸಿಕ್ತದ. ಕಮಾನಿನ ತುದಿ ಎತ್ತರ ವ್ಯಾನಿಶಿಂಗ್ ಪಾಯಿಂಟಿನ ಗೆರಿ ಹಿಡದು ಸಾಗಿಸ್ರಿ.

ಬಣ್ಣ_ಬಾಗಲಕೋಟೆ
ಗುಮ್ಮಟದ ತೊಂದರೆ ಬೇರೆ. ಸರಿಯಾಗಿ ಕರ್ಣದ ನೇರಕ್ಕೆ ನಿಂತು ನೋಡಿದಾಗ ಬಿಟ್ಟರೆ, ಅದರ ಅಕ್ಷ ಎಡಬಲದ ತುದಿ ಮಿನಾರಗಳ ಮಧ್ಯದಲ್ಲಿ ಇರುವುದಿಲ್ಲ. ಕಟ್ಟಡದ ಚೌಕವನ್ನು ಹಿಂದಿನ ಕಾಣದ ಮೂಲೆಯೂ ಸೇರಿ ಪರ್ಸ್‌ಪೆಕ್ಟಿವ್‌ನಲ್ಲಿ ಪೂರ್ತಿ ಎಳೆದು, ಅದರ ಕರ್ಣಗಳು ಕೂಡುವಲ್ಲಿ ಲಂಬ ಎತ್ತಿ. ಗೋಡೆಯ ಉದ್ದ ಸುಮಾರು 47.5 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಚೌಕದ ಒಂದೊಂದು ಬದಿಯಲ್ಲಿ ಉಳಿಯುವುದು ಎರಡು ಮೀಟರಿಗಿಂತ ಕಡಿಮೆ. ಇದನ್ನು ಚಿಕ್ಕದು ಮಾಡಿದರೆ ಗೋಳಗುಮ್ಮಟದ ಗತ್ತೇ ಹೋಗುತ್ತದೆ.

ಅಕ್ಷ ಚಿತ್ರದ ನಡುವಿಗೆ ಹತ್ತಿರವಿದ್ದರೆ ಗುಮ್ಮಟದ ಹೊರಗೆರೆಗೆ ಮಿರರ್ ಟೂಲ್ ಧಾರಾಳವಾಗಿ ಬಳಸಿ, ಮಿರರ್ ಗೆರೆಯನ್ನು ಅಕ್ಷದ ಮೇಲೆ ತಂದು ಕೂರಿಸಿದರೆ ಸಾಕು. ಅಕ್ಷ ಚಿತ್ರದ ಅಂಚಿಗೆ ಸರಿದಿದ್ದರೆ ಬೇಡ, ಅಲ್ಲಿ ದೀರ್ಘವೃತ್ತವೇ ತುಸು ಓರೆಯಾಗುತ್ತದೆ. ಬುಡದ ಕಮಲದಳಗಳ ಸಾಲು ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ಹಾಗಾಗಿ ನಮ್ಮ ಕಡೆಯ ಅಂಚು ಮೇಲಕ್ಕೆ ಬಾಗಬೇಕು. ಬಹಳ ಜನ ಕೆಳಕ್ಕೆ ಬಾಗಿಸುತ್ತಾರೆ, ಆಗ ಮೇಲಿನಿಂದ ನೋಡಿದಂತೆ ಕಾಣುತ್ತದೆ. ಚಿತ್ರದಲ್ಲಿ ದಳಗಳನ್ನು ಸಮ ಅಂತರದಲ್ಲಿ ಬರೆದರೂ ದುಂಡುತನ ಹೋಗುತ್ತದೆ. ದಳಗಳ ಸಾಲಿನ ಅರ್ಧ ಅಗಲ 600 ಪಿಕ್ಸೆಲ್ ಇದ್ದರೆ, 15 ಡಿಗ್ರಿಗೊಂದರಂತೆ ಗುರುತುಗಳು ನಡುವಿನಿಂದ 155, 300, 424, 520, 580, 600ಕ್ಕೆ ಬೀಳುತ್ತವೆ.

ಗೆರಿ_ವಿಜಯಪುರ
ಮುಂಭಾಗ ಚಪ್ಪಟಿಯಾಗಿ ಮಿರರ್‌ನಾಗ ಬರದು, ಟ್ರಾನ್ಸ್‌ಫಾರ್ಮ್ ಟೂಲಿನ ಪರ್ಸ್‌ಪೆಕ್ಟಿವ್‌ನಿಂದ ನಾಲ್ಕು ಮೂಲಿಗೆ ಕೂಡಿಸಿದ್ರ ನಡೀತದೇನ್ರಿ?

ಬೆಳಗಾವಿ_ಬ್ರಷ್
ಗೈಡ್ ಅಂತ ಇಟ್ಕೊಳ್ಳಾಕ ನಡೀತದ. ಗೆರಿ ದಪ್ಪ ಒಂದೇ ಸಮ ಇರಂಗಿಲ್ಲ, ಮಸಕೂ ಆಗ್ತಾವ. ಆ ಲೇಯರಿನ (ಚಿತ್ರದ ಪದರ) ಒಪಾಸಿಟಿ 30 ಪರ್ಸೆಂಟಿಗೆ ಇಳಿಸಿ ತಿಳಿ ಮಾಡಿ, ಮ್ಯಾಲೆ ಹೊಸ ಲೇಯರ್ ತಗೊಂಡು ಮತ್ತ ಬರೀರಿ. ಟ್ರಾನ್ಸ್‌ಫಾರ್ಮ್ ಮಾಸ್ಕ್ (ಮೂಲ ಚಿತ್ರ ಕೆಡಸದ ಆಕಾರ ಬದಲಿಸೂ ಪದರ) ಹಾಕಿದ್ರ ಮೂಲಿ ಆಮ್ಯಾಲೂ ಸರಿಸಬಹುದು. ಕಮಾನಿನ ಒಳಗಿನ ಆಳ ಮಾತ್ರ ಇದ್ರಾಗ ಬರಂಗಿಲ್ಲ, ಅದಕ್ಕ ಇನ್ನೊಂದು ಗೋಡಿಯ ವ್ಯಾನಿಶಿಂಗ್ ಪಾಯಿಂಟ್ ಹಿಡೀಬೇಕು. ಮೂಲಿಯಿಂದ ನೋಡಿದಾಗ ಕಮಾನಿನ ದೂರದ ಬದಿಯ ದಪ್ಪ ಅಷ್ಟ ಕಾಣ್ತದ, ಹತ್ರದ್ದು ಮರೆಯಾಗ್ತದ.